ಸಿಗದ ರುಚಿಗೆ ಸಿಗುವ ಸಾಮಾನು

ದೂರದ ಊರಿಗೆ ಹೋಗಿ ನೆಲೆಸಿದವರು ಫೋನ್ ಮಾಡಿದಾಗ ಮಾತು ಎಲ್ಲಿಂದಲೇ ಶುರುವಾಗಲಿ, ಕೊನೆಗೆ ಬಂದು ನಿಲ್ಲುವುದು ಊಟಕ್ಕೇ. ಕೆಲಸ ಚೆನ್ನಾಗಿದೆ, ಮನೆ ಚೆನ್ನಾಗಿದೆ, ನಾಲಿಗೆ ಮಾತ್ರ ಮಾತು ಕೇಳುತ್ತಿಲ್ಲ ಅಂತ ದೂರು. ‘ಇಲ್ಲಿ ಅದು ಸಿಗಲ್ಲ, ಇದು ಸಿಗಲ್ಲ’ ಅನ್ನುವ ಪಟ್ಟಿ ಮುಗಿಯುವುದೇ ಇಲ್ಲ. ಆಗ ನಾನು ಅವರನ್ನು ಕೇಳುವ ಪ್ರಶ್ನೆ ಒಂದೇ. ಆ ಅಡುಗೆಯಲ್ಲಿ ನಿಮಗೆ ಬೇಕಾಗಿರುವುದು ಯಾವುದು? ಹುಳಿಯಾ, ಘಮವಾ, ಹಲ್ಲಿಗೆ ಸಿಗುವ ಗರಿಗರಿಯಾ, ಇಲ್ಲಾ ಹೊಟ್ಟೆಗೆ ಹಿತವಾಗುವ ಮೆತ್ತನೆಯಾ? ಸ್ವಲ್ಪ ಯೋಚಿಸಿದರೆ ಗೊತ್ತಾಗುತ್ತದೆ, ಬಹಳ ಸಲ ಇಡೀ ಅಡುಗೆ ಬೇಕಾಗಿರುವುದಿಲ್ಲ. ಅದರೊಳಗಿನ ಯಾವುದೋ ಒಂದು ಗುಣಕ್ಕೆ ಮನಸ್ಸು ಹಂಬಲಿಸುತ್ತಿರುತ್ತದೆ. ಅದನ್ನು ಹಿಡಿದುಕೊಂಡರೆ ಮಿಕ್ಕಿದ್ದನ್ನು ಅಲ್ಲಿ ಸಿಗುವ ಸಾಮಾನಿನಲ್ಲೇ ತೂಗಿಸಬಹುದು.

ನಂಬಿಕೆ ಬಾರದಿದ್ದರೆ ಮೂಗು ಹಿಡಿದುಕೊಂಡು ಯಾವುದಾದರೂ ಮಸಾಲೆಯ ಅಡುಗೆಯನ್ನು ಒಂದು ತುತ್ತು ತಿಂದು ನೋಡಿ. ಉಪ್ಪು, ಹುಳಿ, ಸಿಹಿ, ಕಹಿ ಗೊತ್ತಾಗುತ್ತವೆ, ಖಾರ ಚುರುಗುಟ್ಟುತ್ತದೆ. ಆದರೆ ಅದು ಯಾವ ಅಡುಗೆ ಅಂತ ಹೇಳುವುದೇ ಕಷ್ಟ. ಮೂಗು ಬಿಟ್ಟ ಕೂಡಲೇ ಎಲ್ಲ ವಾಪಸ್ ಬರುತ್ತದೆ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. ಬಾಯಲ್ಲಿ ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಹೋಗುವ ವಾಸನೆ. ಹಾಗಾಗಿ ಹಣವನ್ನೂ ಶ್ರಮವನ್ನೂ ಹಾಕುವುದಾದರೆ ಮೊದಲು ಘಮ ಕೊಡುವ ಸಾಮಾನಿಗೆ ಹಾಕಿ. ಅಕ್ಕಿ, ಬೇಳೆ, ತರಕಾರಿ ಎಲ್ಲಿದ್ದೀರೋ ಅಲ್ಲಿಯದೇ ಆಗಲಿ, ಪರವಾಗಿಲ್ಲ.

ಈ ಘಮ ಇರುವುದು ಬೇಗ ಹಾರಿಹೋಗುವ ಎಣ್ಣೆಗಳಲ್ಲಿ. ಅದಕ್ಕೇ ಪುಡಿ ಮಾಡಿದ ಮಸಾಲೆ ಕೆಲವೇ ತಿಂಗಳಲ್ಲಿ ಸಪ್ಪೆಯಾಗುತ್ತದೆ. ಇಡೀ ಕಾಳು ಮತ್ತು ಚಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ದಿನ ಬರುತ್ತವೆ. ಊರಿಂದ ತರಿಸುವುದಾದರೆ ಇಡೀದನ್ನೇ ತರಿಸಿ, ಬೇಕಾದಾಗ ಬೇಕಾದಷ್ಟು ಹುರಿದು ಪುಡಿ ಮಾಡಿ. ಡಬ್ಬಿಯನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಡಬೇಡಿ. ಕೈಗೆ ಸಿಗುತ್ತದೆ ನಿಜ, ಆದರೆ ಮಸಾಲೆಯನ್ನು ದಿನಾ ಕಾಯಿಸಿದ ಹಾಗಾಗುತ್ತದೆ. ಬೆಳಕು ಬೀಳದ, ತಣ್ಣಗಿನ ಜಾಗ ಬೇಕು. ಹಳೆಯದಾಯಿತೇನೋ ಅಂತ ಅನುಮಾನ ಬಂದರೆ ಚಿಟಿಕೆ ತೆಗೆದು ಅಂಗೈಯಲ್ಲಿ ತಿಕ್ಕಿ ಮೂಸಿ. ವಾಸನೆ ಏಳದಿದ್ದರೆ ಎರಡು ಚಮಚ ಜಾಸ್ತಿ ಹಾಕಿದರೂ ಉಪಯೋಗವಿಲ್ಲ, ಕಹಿ ಮಾತ್ರ ಏರುತ್ತದೆ. ಇನ್ನು ಈ ಘಮದ ಬಹುಪಾಲು ನೀರಿಗಿಂತ ಎಣ್ಣೆ ಅಥವಾ ತುಪ್ಪದಲ್ಲಿ ಚೆನ್ನಾಗಿ ಕರಗುತ್ತದೆ. ಸಾಮಾನು ಸ್ವಲ್ಪವೇ ಇದೆ ಅಂದರೆ ಕುದಿಯುವ ಪಾತ್ರೆಗೆ ಸುರಿಯದೆ ಒಗ್ಗರಣೆಯಲ್ಲಿ, ಅದೂ ಕೊನೆಯಲ್ಲಿ ಹಾಕಿ. ಅರ್ಧ ಸಾಮಾನಿನಲ್ಲಿ ಪೂರ್ತಿ ಪರಿಮಳ.

ಹುಳಿಯ ವಿಚಾರದಲ್ಲಿ ಜನ ಸುಮ್ನೆ ಕೈಗೆ ಸಿಕ್ಕಿದ್ದನ್ನು ಹಿಂಡಿಬಿಡುತ್ತಾರೆ, ಆಮೇಲೆ ಆ ರುಚಿ ಬರಲಿಲ್ಲ ಅಂತ ಗೊಣಗುತ್ತಾರೆ. ಎಲ್ಲ ಹುಳಿಯೂ ಒಂದೇ ಅಲ್ಲ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್, ಮೊಸರಿನಲ್ಲಿ ಲ್ಯಾಕ್ಟಿಕ್, ಸೇಬಿನಲ್ಲಿ ಮ್ಯಾಲಿಕ್, ವಿನೆಗರ್‌ನಲ್ಲಿ ಅಸಿಟಿಕ್. ಹೆಸರು ನೆನಪಿಡಬೇಕಾಗಿಲ್ಲ, ಗುಣ ನೆನಪಿಟ್ಟರೆ ಸಾಕು. ಹುಣಸೆ ಎಷ್ಟು ಕುದಿಸಿದರೂ ತಡೆಯುತ್ತದೆ, ಕುದಿಸಿದಷ್ಟೂ ಅದರ ರುಚಿ ಹದವಾಗುತ್ತದೆ. ನಿಂಬೆರಸವನ್ನು ಕುದಿಸಿದರೆ ಹುಳಿ ಉಳಿದು ಪರಿಮಳ ಹೋಗುತ್ತದೆ, ಹಾಗಾಗಿ ಒಲೆ ಆರಿಸಿದ ಮೇಲೆಯೇ ಹಿಂಡಬೇಕು. ವಿನೆಗರ್ ಮೂಗಿಗೆ ಹೊಡೆಯುತ್ತದೆ. ಅದನ್ನು ಮೊದಲೇ ಹಾಕಿ ಕುದಿಸಿದರೆ ಆ ಘಾಟು ತಗ್ಗುತ್ತದೆ. ಹುಣಸೆ ಸಿಗದ ಕಡೆ ನಿಂಬೆರಸಕ್ಕೆ ಒಂದು ಚೂರು ಬೆಲ್ಲವನ್ನೋ ಕಂದು ಸಕ್ಕರೆಯನ್ನೋ ಸೇರಿಸಿ. ಹುಣಸೆಯಲ್ಲಿ ಹುಳಿಯ ಜೊತೆ ಸಕ್ಕರೆಯೂ ಇರುತ್ತದೆ, ನಿಂಬೆಯಲ್ಲಿ ಅದು ಬಹಳ ಕಡಿಮೆ. ಮಾವಿನಕಾಯಿಯ ಹುಳಿ ಬೇಕಿದ್ದರೆ ಹಸಿರು ಸೇಬು ತುರಿದು ಜೊತೆಗೆ ನಾಲ್ಕು ಹನಿ ನಿಂಬೆ ಹಿಂಡಿ. ನಾನು ಇದನ್ನು ಹೇಳಿದಾಗ ಮೂಗು ಮುರಿದವರೇ ಆಮೇಲೆ ಮಾಡಿ ತಿಂದಿದ್ದಾರೆ.

ಖಾರ ಸುಲಭ. ಬಣ್ಣ ಒಂದು ಮೆಣಸಿನಿಂದ, ಖಾರ ಇನ್ನೊಂದರಿಂದ ತೆಗೆದುಕೊಳ್ಳಿ. ಪ್ಯಾಪ್ರಿಕಾ ಅಂತ ಮಾರುವ ಪುಡಿ ಬಹಳ ಕಡೆ ಸಿಗುತ್ತದೆ, ಕೆಂಪು ಕೊಡುತ್ತದೆ, ಖಾರ ಅಷ್ಟಿರುವುದಿಲ್ಲ. ಅದರ ಜೊತೆ ಅಲ್ಲಿಯ ಖಾರದ ಮೆಣಸಿನಕಾಯಿ ಒಂದು.

ಸೊಪ್ಪಿನ ವಿಷಯಕ್ಕೆ ಬರೋಣ. ಒಣಗಿಸುವುದು ಎಲ್ಲದಕ್ಕೂ ಆಗಿಬರುವುದಿಲ್ಲ. ಗಟ್ಟಿ ಎಲೆಗಳು, ಪಲಾವ್ ಎಲೆಯಂಥವು, ಒಣಗಿದರೂ ಘಮ ಇಟ್ಟುಕೊಳ್ಳುತ್ತವೆ. ಕೊತ್ತಂಬರಿಯಂಥ ಎಳೆ ಸೊಪ್ಪು ಒಣಗಿದರೆ ಹುಲ್ಲಾಗುತ್ತದೆ. ಅಂಥದ್ದು ಅಪರೂಪಕ್ಕೆ ಸಿಕ್ಕರೆ ಫ್ರೀಜರ್‌ಗೆ ಹಾಕಿ. ತೊಳೆದು ಬಟ್ಟೆಯ ಮೇಲೆ ಹರಡಿ ಒಂದು ಹನಿ ನೀರೂ ಇಲ್ಲದ ಹಾಗೆ ಆರಿಸಿ. ಸಣ್ಣಗೆ ಹೆಚ್ಚಿ ಐಸ್ ಟ್ರೇಯ ಗುಂಡಿಗಳಿಗೆ ಅರ್ಧ ತುಂಬಿ, ಮೇಲೆ ಎಣ್ಣೆ ಹುಯ್ದು ಇಡಿ. ಗಟ್ಟಿಯಾದ ಮೇಲೆ ತೆಗೆದು ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ತಾರೀಖು ಬರೆದು ವಾಪಸ್ ಫ್ರೀಜರ್‌ಗೇ ಇಡಿ. ಮೈನಸ್ 18 ಡಿಗ್ರಿಯಲ್ಲಿ ಕೆಲವು ತಿಂಗಳು ನೆಮ್ಮದಿಯಾಗಿರುತ್ತದೆ. ಒಂದು ತುಂಡು ತೆಗೆದು ನೇರ ಬಾಣಲೆಗೆ. ಆದರೆ ಹೀಗೆ ಎಣ್ಣೆಯಲ್ಲಿ ಹಾಕಿದ ಹಸಿ ಸೊಪ್ಪು, ಹಸಿ ಬೆಳ್ಳುಳ್ಳಿಯನ್ನು ಹೊರಗೆ ಶೆಲ್ಫಿನಲ್ಲಿ ಮಾತ್ರ ಇಡಬೇಡಿ. ಗಾಳಿಯಾಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾದ ವಿಷದಿಂದ ಬರುವ ಬೊಟುಲಿಸಂ ಎಂಬ ಕಾಯಿಲೆಯ ಭಯ ಅದರಲ್ಲಿದೆ.

ತೆಂಗು, ಎಳ್ಳು, ಶೇಂಗಾ, ಗೋಡಂಬಿ, ತವುಡು ತೆಗೆಯದ ಹಿಟ್ಟು, ಇವೆಲ್ಲದರಲ್ಲೂ ಜಿಡ್ಡಿದೆ, ಜಿಡ್ಡು ಗಾಳಿಗೆ ಕಮಟು ಹಿಡಿಯುತ್ತದೆ. ಇವನ್ನೂ ಫ್ರೀಜರ್‌ನಲ್ಲೇ ಇಡಿ. ಹಸಿ ಕಾಯಿ ಸಿಗದಿದ್ದರೆ ಫ್ರೀಜ್ ಮಾಡಿದ ತುರಿ ಮೊದಲ ಆಯ್ಕೆ. ಅದೂ ಇಲ್ಲ ಅಂದರೆ ಸಕ್ಕರೆ ಹಾಕದ ಒಣ ತುರಿ ತಂದು ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿ ರುಬ್ಬಿ. ಪ್ಯಾಕೆಟ್ ಹಿಂದೆ ಓದಿ ನೋಡುವುದು ಮರೆಯಬೇಡಿ. ಮಿಠಾಯಿಗೆ ಅಂತ ಸಕ್ಕರೆ ಬೆರೆಸಿದ್ದೂ ಅದೇ ಸಾಲಲ್ಲಿ ಇರುತ್ತದೆ.

ಸಾಮಾನೆಲ್ಲ ಅದೇ, ಆದರೂ ಬೇಳೆಕಾಳು ಬೇಯುವುದಿಲ್ಲ ಅನ್ನುವವರಿದ್ದಾರೆ. ಇಲ್ಲಿ ತಪ್ಪು ಕೈಯದಲ್ಲ, ನೀರಿನದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತವೆ. ನೆನೆಸುವ ನೀರಿಗೆ ಉಪ್ಪು ಹಾಕಿ, ಸಿಪ್ಪೆ ಮೆತ್ತಗಾಗುತ್ತದೆ. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತ ಹೇಳುವುದುಂಟು, ನಿಜವಾಗಿ ಅಡ್ಡ ಬರುವುದು ಹುಳಿ. ಹುಣಸೆ, ಟೊಮ್ಯಾಟೊ ಎಲ್ಲ ಕಾಳು ಪೂರ್ತಿ ಬೆಂದ ಮೇಲೆ. ತೀರಾ ಹಟಮಾರಿ ಕಾಳಿಗೆ ಚಿಟಿಕೆ ಅಡುಗೆ ಸೋಡಾ ಹಾಕಬಹುದು, ಜಾಸ್ತಿಯಾದರೆ ಸೋಪಿನ ರುಚಿ ಬರುತ್ತದೆ. ಎತ್ತರದ ಊರಾದರೆ ಇನ್ನೊಂದು ಕಾರಣ ಇದೆ. ಸಮುದ್ರಮಟ್ಟದಿಂದ 1,500 ಮೀಟರ್ ಮೇಲೆ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಜಾಸ್ತಿ ಮಾಡಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಅಂಥ ಕಡೆ ಪ್ರೆಶರ್ ಕುಕ್ಕರ್ ಇಲ್ಲದೆ ಸಂಸಾರ ನಡೆಯದು.

ಚಳಿ ದೇಶದಲ್ಲಿ ಹಿಟ್ಟು ಹುದುಗು ಬರುವುದಿಲ್ಲ ಅನ್ನುವುದು ಇನ್ನೊಂದು ಗೋಳು. ಹಿಟ್ಟಿಗೆ 25ರಿಂದ 30 ಡಿಗ್ರಿ ಬೆಚ್ಚಗೆ ಬೇಕು. ಓವನ್ ಹಚ್ಚದೆ ಅದರೊಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಡಿ. ಬಿಸಿಯಾಗುವ ಜಾತಿಯ ಬಲ್ಬಾದರೆ ಅಷ್ಟೇ ಸಾಕು. ಎಲ್‌ಇಡಿ ದೀಪವಾದರೆ ಪಕ್ಕದಲ್ಲಿ ಒಂದು ಪಾತ್ರೆ ಬಿಸಿನೀರಿಟ್ಟು ಬಾಗಿಲು ಮುಚ್ಚಿ, ಆರಿದಾಗ ಬದಲಿಸಿ. ಮತ್ತೆ, ಓವನ್ನಿನ ಗುಬುಟಿಗೆ ‘ಒಳಗೆ ಹಿಟ್ಟಿದೆ’ ಅಂತ ಒಂದು ಚೀಟಿ ಅಂಟಿಸಿ. ನಗಬೇಡಿ, ಮನೆಯಲ್ಲಿ ಇನ್ನೊಬ್ಬರು ಬಂದು ಓವನ್ ಹಚ್ಚುವುದು ಅವತ್ತೇ. ಮೊಸರಿಗೆ ಹೆಪ್ಪು ಬೇಕಾದರೆ ಅಂಗಡಿಯ ಡಬ್ಬಿಯ ಮೇಲೆ ‘ಲೈವ್ ಕಲ್ಚರ್’ ಅಂತ ಬರೆದಿದೆಯಾ ನೋಡಿ ತನ್ನಿ. ಹುದುಗಿಸಿದ ಮೇಲೆ ಮತ್ತೆ ಕಾಯಿಸಿದ ಮೊಸರಿನಲ್ಲಿ ಹೆಪ್ಪಿನ ಜೀವ ಇರುವುದಿಲ್ಲ. ಹಾಲು 40ರಿಂದ 45 ಡಿಗ್ರಿ ಇದ್ದಾಗ ಹೆಪ್ಪು ಹಾಕಿ. ಥರ್ಮಾಮೀಟರ್ ಇಲ್ಲದಿದ್ದರೆ ತೊಳೆದ ಬೆರಳೇ ಸಾಕು. ಬೆಚ್ಚಗಿರಬೇಕು, ಸುಡಬಾರದು.

ಅಂಗಡಿ ಹುಡುಕುವಾಗ ನಿಮ್ಮವರ ಅಂಗಡಿಯನ್ನೇ ಹುಡುಕಬೇಕಾಗಿಲ್ಲ. ನಿಮ್ಮ ಹಾಗೇ ದೂರದಿಂದ ಬಂದ ಬೇರೆಯವರ ಅಂಗಡಿಗಳಿಗೂ ಹೊಕ್ಕು ಬನ್ನಿ. ಒಂದೇ ಗಿಡ ಜಗತ್ತಿನ ನಾಲ್ಕು ಮೂಲೆಯಲ್ಲಿ ನಾಲ್ಕು ಹೆಸರಲ್ಲಿ ಬದುಕಿರುತ್ತದೆ. ಪುಂಡಿಯನ್ನೇ ನೋಡಿ. ಮೆಕ್ಸಿಕೋದವರು ಅದರ ಒಣಗಿದ ಕೆಂಪು ಪುಷ್ಪಪಾತ್ರೆಯನ್ನು, ಅಂದರೆ ಹೂವಿನ ಬುಡದ ದಪ್ಪ ಎಸಳುಗಳನ್ನು, ಹಮೈಕಾ ಅಂತ ಪಾನಕಕ್ಕೆ ಹಾಕುತ್ತಾರೆ, ಸೆನೆಗಲ್‌ನವರಿಗೆ ಅದೇ ಬಿಸಾಪ್, ಬರ್ಮಾದವರು ಎಲೆಯನ್ನು ಚಿನ್ ಬಾಂಗ್ ಅಂತ ಹುರಿದು ತಿನ್ನುತ್ತಾರೆ. ಹೆಸರು ಗೊಂದಲವಾದರೆ ಲೇಬಲ್ ಮೇಲೆ ಸಸ್ಯಶಾಸ್ತ್ರದ ಹೆಸರು ಹುಡುಕಿ. ಹಿಬಿಸ್ಕಸ್ ಸಬ್ದಾರಿಫಾ ಅಂತಿದ್ದರೆ ಯಾವ ಅಂಗಡಿಯಲ್ಲಾದರೂ ಅದು ಪುಂಡಿಯೇ.

ಊರಿಂದ ಹೊತ್ತು ತರುವವರಿಗೆ ಒಂದು ಮಾತು. ಬಹಳ ದೇಶಗಳು ಹಸಿ ಸೊಪ್ಪು, ಹಣ್ಣು, ಬೀಜ, ಮಾಂಸವನ್ನು ಗಡಿಯಲ್ಲೇ ತಡೆಯುತ್ತವೆ. ಕಾರಣ ಇದೆ. ಕರಿಬೇವು ನಿಂಬೆ–ಕಿತ್ತಳೆಯ ಕುಟುಂಬದ ಗಿಡ. ಕಿತ್ತಳೆ ತೋಟ ಹಾಳುಮಾಡುವ ಗ್ರೀನಿಂಗ್ ರೋಗವನ್ನು ಹರಡುವ ಕೀಟ ಅದರ ಮೇಲೂ ಬದುಕುತ್ತದೆ. ಅದಕ್ಕೇ ಅಮೆರಿಕಕ್ಕೆ ಹಸಿ ಕರಿಬೇವು ತೆಗೆದುಕೊಂಡು ಹೋಗುವ ಹಾಗಿಲ್ಲ. ಅದೇ ಕುಟುಂಬದ, ಚೀನಾದ ಸಿಚುವಾನ್ ಮೆಣಸನ್ನೂ ನಿಂಬೆ–ಕಿತ್ತಳೆ ಗಿಡಕ್ಕೆ ತಗಲುವ ಕ್ಯಾಂಕರ್ ರೋಗದ ಭಯಕ್ಕೆ ಅಮೆರಿಕ 1968ರಿಂದ 2005ರವರೆಗೆ ತಡೆದಿತ್ತು. ಸ್ಕಾಟ್ಲೆಂಡಿನವರ ಹ್ಯಾಗಿಸ್ ಎಂಬ ಮಾಂಸದ ಅಡುಗೆಯಲ್ಲಿ ಕುರಿಯ ಶ್ವಾಸಕೋಶ ಇರುತ್ತದೆ ಅಂತ ಅದಕ್ಕೂ 1971ರಿಂದ ಅಮೆರಿಕದಲ್ಲಿ ತಡೆ. ಆಸೆಪಟ್ಟು ಸಿಗದೆ ಕೂತವರು ನಾವೊಬ್ಬರೇ ಅಲ್ಲ, ಅಲ್ವಾ? ಗಸಗಸೆ ಮಾತ್ರ ತುಂಬಾ ಹುಷಾರು. ಯುಎಇಯಂಥ ದೇಶಗಳಲ್ಲಿ ಅದನ್ನು ಮಾದಕ ವಸ್ತುವಿನ ಲೆಕ್ಕಕ್ಕೆ ಸೇರಿಸುತ್ತಾರೆ, ಜೈಲಿನವರೆಗೂ ಹೋಗಬಹುದು. ಮಿಕ್ಕ ಸಾಮಾನನ್ನೂ ಚೀಲದ ತಳದಲ್ಲಿ ಬಚ್ಚಿಡುವ ಬುದ್ಧಿ ಬೇಡ. ಫಾರಂನಲ್ಲಿ ಏನೇನಿದೆ ಅಂತ ಬರೆದುಬಿಡಿ. ಬರೆದಿದ್ದರೆ ಸಾಮಾನು ಹೋಗಬಹುದು ಅಷ್ಟೇ, ಮುಚ್ಚಿಟ್ಟದ್ದು ಸಿಕ್ಕಿದರೆ ದಂಡವೂ ಬೀಳುತ್ತದೆ.

ಇಷ್ಟೆಲ್ಲ ಆದ ಮೇಲೂ ಅಮ್ಮನ ಕೈರುಚಿ ಬರುತ್ತಿಲ್ಲ ಅಂದರೆ ಅಳತೆ ಗೊತ್ತಿಲ್ಲ ಅಂತ ಅರ್ಥ. ಅಮ್ಮನನ್ನು ಕೇಳಿದರೆ ‘ಒಂದಿಷ್ಟು ಹಾಕು’ ಅನ್ನುತ್ತಾರೆ. ಕಣ್ಣಳತೆಯವರಿಗೆ ಚಮಚ ಕೊಟ್ಟರೆ ಕೈಯೇ ಓಡುವುದಿಲ್ಲ. ಹಾಗಾಗಿ ಅವರ ಅಭ್ಯಾಸ ಬದಲಿಸಬೇಡಿ, ಡಬ್ಬಿಯನ್ನು ತೂಗಿ. ಅಡುಗೆಗೆ ಮುಂಚೆ ಉಪ್ಪಿನ ಡಬ್ಬಿ 412 ಗ್ರಾಂ, ಆಮೇಲೆ 398 ಅಂದರೆ ಬಿದ್ದದ್ದು 14 ಗ್ರಾಂ. ಎಲ್ಲ ಡಬ್ಬಿಗೂ ಹೀಗೇ. ಯಾರಾದರೂ ಅಲ್ಲಿ ಪಕ್ಕದಲ್ಲಿ ನಿಂತು ಬರೆದುಕೊಂಡು ಕಳಿಸಲಿ. ಹುರಿದ ಬಣ್ಣದ ಒಂದು ಫೋಟೋನೂ ಇರಲಿ. ‘ಹೊಂಬಣ್ಣ’ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು.

ಅಪರೂಪದ ಸಾಮಾನನ್ನು ಕೂಡಿಡುವ ಚಟ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಯಾವುದೋ ವಿಶೇಷ ದಿನಕ್ಕೆ ಅಂತ ಇಟ್ಟು, ಆ ದಿನ ತೆಗೆದರೆ ಹುಳ ಬಿದ್ದಿರುತ್ತದೆ, ಇಲ್ಲಾ ಕಮಟು ಹಿಡಿದಿರುತ್ತದೆ. ತಾಜಾ ಇರುವಾಗ ತಿನ್ನಿ. ನಾಲ್ಕು ಜನರನ್ನು ಕರೆದು ಬಡಿಸಿದರೆ ಇನ್ನೂ ಒಳ್ಳೆಯದು. ಒಬ್ಬರೇ ಕೂತು ತಿಂದಾಗ ಎಷ್ಟೋ ಸಲ ಕೊರತೆ ಇರುವುದು ಉಪ್ಪು ಹುಳಿಯಲ್ಲಲ್ಲ.

ಕೂಡಿಡುವುದಾದರೆ ಒಂದೇ ಒಂದು ಡಬ್ಬಿ ಇಡಿ, ಜ್ವರದ ಡಬ್ಬಿ. ಮೈ ಸರಿ ಇಲ್ಲದಾಗ ನಾಲಿಗೆ ಹೊಸದನ್ನು ಮುಟ್ಟುವುದಿಲ್ಲ, ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದಾಗ ತಿಂದದ್ದನ್ನೇ ಕೇಳುತ್ತದೆ. ಅವತ್ತು ಅಂಗಡಿಗೆ ಹೋಗಲು ಕಾಲೂ ಬಾರದು. ಹಾಗಾಗಿ ಆ ಗಂಜಿಗೋ ಸಾರಿಗೋ ಬೇಕಾದ ಒಣ ಸಾಮಾನನ್ನು ಎರಡು ಹೊತ್ತಿಗಾಗುವಷ್ಟು ಅಳೆದು ಸಣ್ಣ ಪೊಟ್ಟಣ ಮಾಡಿ ಹಾಕಿ. ಮಾಡುವ ಕ್ರಮವನ್ನು ಚೀಟಿಯಲ್ಲಿ ಬರೆದಿಡಿ. ಆಗಾಗ ತೆಗೆದು ಬಳಸಿ ಹೊಸದು ತುಂಬಿ. ಡಬ್ಬಿ ಎಲ್ಲಿದೆ ಅಂತ ಮನೆಯಲ್ಲಿರುವ ಇನ್ನೊಬ್ಬರಿಗೂ ತೋರಿಸಿಡಿ. ಜ್ವರ ಬಂದವರೇ ಎದ್ದು ಹುಡುಕುವ ಹಾಗಾಗಬಾರದು.