ಲೇಬಲ್ ತಿರುಗಿಸಿ ನೋಡುವ ಚಟ

ಪರಿಸರಕ್ಕೆ ಒಳ್ಳೆಯದು ಅಂತ ನಾನು ಮೊದಲು ಕೊಂಡದ್ದು ಬಿದಿರಿನ ಬೆಡ್‌ಶೀಟ್. ಪ್ಯಾಕೆಟ್ ಮೇಲೆ ತುಂಬಾ ಹಸಿರು ಎಲೆಗಳು. ಮುಟ್ಟಿದರೆ ಬೆಣ್ಣೆ. ಮನೆಗೆ ತಂದು ಬಿಚ್ಚಿದಾಗ ಅಂಚಿನೊಳಗೆ ಹೊಲಿದಿದ್ದ ಪುಟ್ಟ ಲೇಬಲ್ ಕಣ್ಣಿಗೆ ಬಿತ್ತು: 100% ವಿಸ್ಕೋಸ್. ಬಿದಿರು ಎಲ್ಲಿ ಹೋಯ್ತು?

ಕೂತು ಓದಿದ ಮೇಲೆ ಗೊತ್ತಾಯಿತು. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಹಾಕಿ ಕರಗಿಸಿ, ಮತ್ತೆ ಎಳೆಯಾಗಿ ತೆಗೆದರೆ ವಿಸ್ಕೋಸ್. ಗಿಡವೇನೋ ಬೇಗ ಬೆಳೆಯುತ್ತದೆ. ಆದರೆ ಕಾರ್ಬನ್ ಡೈಸಲ್ಫೈಡ್ ಕಾರ್ಖಾನೆಯಲ್ಲಿ ದುಡಿಯುವವರ ನರಗಳಿಗೇ ಪೆಟ್ಟು ಕೊಡುವಂಥದ್ದು. ಮರದ ತಿರುಳಿನಿಂದಲೇ ಮಾಡುವ ಲಯೋಸೆಲ್ ಇದಕ್ಕಿಂತ ವಾಸಿ. ಅದರಲ್ಲಿ ಕರಗಿಸಲು ಬಳಸಿದ ದ್ರವವನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಹಿಡಿದು ಮತ್ತೆ ಬಳಸುತ್ತಾರೆ.

ಅಲ್ಲಿಂದ ಲೇಬಲ್ ತಿರುಗಿಸಿ ನೋಡುವುದು ಚಟವಾಯಿತು. ಜಿಒಟಿಎಸ್ (ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣಪತ್ರ) ಗುರುತಿನ ಜೊತೆ 'ಆರ್ಗ್ಯಾನಿಕ್' ಅಂತಿದ್ದರೆ ಕನಿಷ್ಠ 95% ನೂಲು ಸಾವಯವ. ಓಯೆಕೊ-ಟೆಕ್ಸ್ ಸ್ಟ್ಯಾಂಡರ್ಡ್ 100 ಅನ್ನುವ ಇನ್ನೊಂದು ಗುರುತಿದ್ದರೆ ಬೇರೆ ಮಾತು: ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಇದೆಯೇ ಅಂತ ಪರೀಕ್ಷೆ ಆಗಿದೆ, ಅಷ್ಟೇ. ಅದು ಪಾಲಿಯೆಸ್ಟರಿಗೂ ಸಿಗುತ್ತದೆ. ನಾನು ಎಷ್ಟೋ ದಿನ ಎರಡೂ ಒಂದೇ ಅಂದುಕೊಂಡಿದ್ದೆ.

ಲೇಬಲ್ಲೇ ಇಲ್ಲದ ಬಟ್ಟೆಗೆ ಬೆಂಕಿ ಪರೀಕ್ಷೆ. ಒಳಹೊಲಿಗೆಯಿಂದ ಎರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಕಡ್ಡಿ ಗೀರುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ಉಣ್ಣೆಯಾದರೆ ಕೂದಲು ಸುಟ್ಟ ಹಾಗೆ. ಪಾಲಿಯೆಸ್ಟರ್ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. 'ಶುದ್ಧ ಹತ್ತಿ' ಅಂತ ಹೇಳಿ ಕೊಟ್ಟಿದ್ದ ದಿಂಬಿನ ಕವರಿನ ಎಳೆಯ ತುದಿಯಲ್ಲೂ ಅಂಥದೇ ಮಣಿ ಬಂತು! ಮಿಶ್ರ ನೂಲು. ಒಂದು ಮಾತು: ವಿಸ್ಕೋಸ್ ಕೂಡ ಹತ್ತಿಯ ಹಾಗೇ ಉರಿಯುತ್ತದೆ, ಹಾಗಾಗಿ ಅಲ್ಲಿ ಈ ಪರೀಕ್ಷೆ ಕೈಕೊಡುತ್ತದೆ.

ಹುರುಪಿನಲ್ಲಿ ಬೀರು ಪೂರ್ತಿ ಖಾಲಿ ಮಾಡಿ ಎಲ್ಲವನ್ನೂ ಸಾವಯವ ಹತ್ತಿಗೆ ಬದಲಿಸೋಣ ಅಂತ ಹೊರಟಿದ್ದೆ. ಒಂದು ಹತ್ತಿ ಟೀ ಶರ್ಟ್ ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕು ಅನ್ನುವ ಅಂದಾಜು ನೋಡಿ ಕೈ ನಿಂತಿತು. ಚೆನ್ನಾಗಿರುವ ಬಟ್ಟೆ ಬಿಸಾಡಿ ಹೊಸದು ತರುವುದು ಯಾವ ಲೆಕ್ಕ, ಅಲ್ವಾ? ಈಗ ಹರಿದದ್ದಕ್ಕೆ ಮಾತ್ರ ಬದಲಿ. ಟವೆಲ್‌ಗೆ ಹತ್ತಿ, ಹಾಸಿಗೆಗೆ ಆದಷ್ಟು ಲಿನನ್. ಸುಕ್ಕು ಸುಕ್ಕಾಗಿಯೇ ಇರುತ್ತದೆ, ಇಸ್ತ್ರಿ ಮಾಡುವುದನ್ನು ಬಿಟ್ಟೇಬಿಟ್ಟೆ. 'ಸುಕ್ಕಾಗುವುದಿಲ್ಲ' ಅಂತ ಮಾರುವ ಶೀಟುಗಳಿಗೆ ಸಾಮಾನ್ಯವಾಗಿ ರಾಳದ ಲೇಪನ ಇರುತ್ತದೆ, ಅದರಲ್ಲಿ ಹೆಚ್ಚಿನವು ಫಾರ್ಮಾಲ್ಡಿಹೈಡ್‌ನಿಂದ ಮಾಡಿದವು. ಅದಕ್ಕಿಂತ ಸುಕ್ಕೇ ಇರಲಿ.

ಪಾಲಿಯೆಸ್ಟರ್ ಪರದೆಗಳನ್ನು ತೆಗೆದಿಲ್ಲ. ಅವನ್ನು ಒಗೆಯುವುದೇ ಅಪರೂಪ, ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳು ಜಾಸ್ತಿ ಉದುರುವುದು ಒಗೆಯುವಾಗ. ದಿನಾ ಒಗೆಯುತ್ತಿದ್ದ ಮೈಕ್ರೋಫೈಬರ್ ಒರೆಸುವ ಬಟ್ಟೆಗಳನ್ನು ಬಿಟ್ಟು, ಹಳೆ ಹತ್ತಿ ಶೀಟ್ ಹರಿದು ಆ ಕೆಲಸಕ್ಕೆ ಹಚ್ಚಿದೆ. ಪಾಲಿಯೆಸ್ಟರಿನದೇ ಆದ ಫ್ಲೀಸ್ ಜಾಕೆಟ್ಟನ್ನು, ಎಳೆ ಕಡಿಮೆ ಉದುರಲಿ ಅಂತ, ತಣ್ಣೀರಿನಲ್ಲಿ, ಮಷೀನ್ ತುಂಬಿದಾಗ ಮಾತ್ರ ಹಾಕುತ್ತೇನೆ.

ಆ ಬಿದಿರಿನ ಶೀಟ್ ಇನ್ನೂ ಇದೆ. ನಡುವೆ ತೆಳ್ಳಗಾಗಿತ್ತು. ಉದ್ದಕ್ಕೆ ಕತ್ತರಿಸಿ, ಸವೆಯದ ಅಂಚುಗಳನ್ನು ನಡುವಿಗೆ ತಂದು ಜೋಡಿಸಿ ಹೊಲಿದಿದ್ದೇನೆ. ಮಲಗಿದಾಗ ಹೊಲಿಗೆ ಬೆನ್ನಿಗೆ ಸ್ವಲ್ಪ ಒತ್ತುತ್ತದೆ.