ಕ್ವೆರಿಗೆ ಒಂದೂ ರೆಕಾರ್ಡ್ ಸಿಗಲಿಲ್ಲ ಅಂತ ಗೊತ್ತಾಗೋದು ಹೇಗೆ?

ಪೈಥಾನ್‌ನಲ್ಲಿ ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸೋಕೆ ಶುರು ಮಾಡಿದವರು ಮೊದಲು ಎಡವೋದು ಇಲ್ಲೇ. ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳಿದ ಪ್ರಶ್ನೆ, ಓಡಿತು, ಎರರ್ ಏನೂ ಬರಲಿಲ್ಲ. ಆದರೆ ರೆಕಾರ್ಡ್ ಸಿಕ್ಕಿತಾ ಇಲ್ವಾ?

ತುಂಬಾ ಜನ ಕರ್ಸರ್‌ನ (ಕ್ವೆರಿ ಓಡಿಸಿ ಸಾಲುಗಳನ್ನು ತಂದುಕೊಡುವ ವಸ್ತು) ರೋಕೌಂಟ್, ಅಂದರೆ ಸಾಲುಗಳ ಎಣಿಕೆ, ನೋಡುತ್ತಾರೆ. ಅದನ್ನು ನಂಬಬೇಡಿ. ಸೆಲೆಕ್ಟ್ ಕ್ವೆರಿಗೆ ಅದು -1 ಅಂತಲೇ ತೋರಿಸುತ್ತದೆ, ಸಾವಿರ ಸಾಲು ಇದ್ದರೂ ಅಷ್ಟೇ, ಒಂದೂ ಇಲ್ಲದಿದ್ದರೂ ಅಷ್ಟೇ. ಎಸ್‌ಕ್ಯೂಲೈಟ್ ಸಾಲುಗಳನ್ನು ಕೇಳಿದ ಹಾಗೆ ಒಂದೊಂದಾಗಿ ಕೊಡುತ್ತದೆ, ಒಟ್ಟು ಎಷ್ಟು ಅಂತ ಅದಕ್ಕೂ ಮೊದಲೇ ಗೊತ್ತಿರುವುದಿಲ್ಲ.

ಒಂದೇ ರೆಕಾರ್ಡ್ ಬೇಕಿದ್ದರೆ ಫೆಚ್‌ಒನ್ ಕರೆಯಿರಿ. ಸಾಲು ಇದ್ದರೆ ಅದರ ಬೆಲೆಗಳ ಗುಂಪು, ಅಂದರೆ ಟ್ಯೂಪಲ್, ಬರುತ್ತದೆ, ಇಲ್ಲದಿದ್ದರೆ 'ನನ್' (None, ಏನೂ ಇಲ್ಲ ಅಂತ ಅರ್ಥ) ಬರುತ್ತದೆ. ಪಟ್ಟಿಯೇ ಬೇಕಿದ್ದರೆ ಫೆಚ್‌ಆಲ್ ಮಾಡಿ, ಖಾಲಿ ಲಿಸ್ಟ್ ಬಂತಾ ನೋಡಿ. ಒಂದೇ ಕ್ವೆರಿಗೆ ಎರಡು ದಾರಿಯನ್ನೂ ಬೆರೆಸಬೇಡಿ. ನಾನು ನಮ್ಮ ಅಪಾರ್ಟ್‌ಮೆಂಟ್‌ನ ಮೇಂಟೆನೆನ್ಸ್ ಬಾಕಿ ಪಟ್ಟಿ ತೆಗೆಯೋಕೆ ಒಂದು ಪ್ರೋಗ್ರಾಂ ಬರೆದಿದ್ದೆ. ಟೇಬಲ್‌ನಲ್ಲಿ 101ನೇ ಮನೆಯ ಬಾಕಿ ಇದೆ, ಪಟ್ಟಿಯಲ್ಲಿ ಮಾತ್ರ ಇಲ್ಲ. ಏನಾದರೂ ಸಿಕ್ಕಿದೆಯಾ ಅಂತ ನೋಡೋಕೆ ಸುಮ್ನೆ ಒಂದು ಸಲ ಫೆಚ್‌ಒನ್ ಕರೆದು, ಆಮೇಲೆ ಅದೇ ಕರ್ಸರ್ ಮೇಲೆ ಲೂಪ್ ಓಡಿಸಿದ್ದೆ, ಮೊದಲ ಸಾಲು ಆ ಪರೀಕ್ಷೆಯಲ್ಲೇ ಖರ್ಚಾಗಿತ್ತು!

ಇನ್ನೊಂದು ತೊಡಕು ಇದಕ್ಕಿಂತ ಜಾಸ್ತಿ ಕಾಡುತ್ತದೆ. 204ನೇ ಮನೆಯ ಹೆಸರಲ್ಲಿ ಒಂದೂ ಬಾಕಿ ಇಲ್ಲ ಅಂದುಕೊಳ್ಳಿ. ಆ ಮನೆಯ ಒಟ್ಟು ಬಾಕಿಯನ್ನು ಸಮ್ ಹಾಕಿ ಕೇಳಿದರೆ ಫೆಚ್‌ಒನ್ 'ನನ್' ಕೊಡುವುದಿಲ್ಲ, ಒಳಗೆ 'ನನ್' ಇರುವ ಒಂದು ಟ್ಯೂಪಲ್ ಕೊಡುತ್ತದೆ. ಸಾಲು ಬಂತು ಅಂದುಕೊಂಡು ಅದನ್ನು ಕೂಡಿಸೋಕೆ ಹೋದರೆ ಟೈಪ್‌ಎರರ್. ಕೌಂಟ್ ಕೂಡ ಹಾಗೇ, ಏನೂ ಇಲ್ಲದಿದ್ದರೂ 0 ಇರುವ ಒಂದು ಸಾಲು ಬಂದೇ ಬರುತ್ತದೆ. ಇಂಥ ಕಡೆ ಸಾಲು ಬಂತಾ ಅಂತ ನೋಡಿ ಪ್ರಯೋಜನವಿಲ್ಲ, ಸಾಲಿನ ಮೊದಲ ಬೆಲೆ ಏನು ಅಂತ ನೋಡಬೇಕು.

ಇದೆಯೋ ಇಲ್ಲವೋ ಅಷ್ಟೇ ಸಾಕು ಅಂದರೆ ಸೆಲೆಕ್ಟ್ ಎಕ್ಸಿಸ್ಟ್ಸ್ ಬರೆಯಿರಿ. 1 ಅಥವಾ 0 ಬರುತ್ತದೆ. ಮೊದಲ ಸಾಲು ಸಿಕ್ಕ ಕೂಡಲೇ ಹುಡುಕೋದು ನಿಲ್ಲುತ್ತದೆ, ಕೌಂಟ್ ಹಾಗಲ್ಲ, ಹೊಂದುವ ಸಾಲುಗಳನ್ನೆಲ್ಲ ಎಣಿಸಿಯೇ ತೀರುತ್ತದೆ. ದೊಡ್ಡ ಟೇಬಲ್ ಇದ್ದರೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹೊಸ ರೆಕಾರ್ಡ್ ಸೇರಿಸೋದೇ ನಿಮ್ಮ ಉದ್ದೇಶ ಆಗಿದ್ದರೆ ಮಾತ್ರ ಈ ಯಾವ ದಾರಿಯೂ ಸಾಲದು. ನೀವು ನೋಡಿ ಸೇರಿಸುವಷ್ಟರಲ್ಲಿ ಇನ್ನೊಬ್ಬರು ಅದನ್ನೇ ಸೇರಿಸಿರಬಹುದು ಅಲ್ವಾ? ಯಾವ ಕಾಲಂನಲ್ಲಿ ಒಂದೇ ಬೆಲೆ ಎರಡು ಸಲ ಬರಬಾರದೋ ಅದಕ್ಕೆ ಯುನೀಕ್ ನಿಯಮ ಹಾಕಿ, ನೇರವಾಗಿ ಇನ್ಸರ್ಟ್ ಮಾಡಿ, ಆ ನಿಯಮ ಮುರಿದು ಇಂಟೆಗ್ರಿಟಿಎರರ್ ಬಂದರೆ ಆ ರೆಕಾರ್ಡ್ ಆಗಲೇ ಇದೆ ಅಂತ ಲೆಕ್ಕ.