ಎಲ್‌ಡಿಎಲ್ 104 ಇತ್ತು, ಸಾಕು ಅಂದುಕೊಂಡೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಕೆಲವು ವರ್ಷಗಳ ಹಿಂದೆ 29 ವರ್ಷದ ಹುಡುಗನೊಬ್ಬ ಬಂದಿದ್ದ. ಅಡಿಕೆ ಸಾಗಿಸುವ ಪಿಕಪ್ ಓಡಿಸುತ್ತಿದ್ದ. ಗಲ್ಫಿಗೆ ಹೋಗುವ ಮೊದಲು ಅಂತ ರಕ್ತ ಪರೀಕ್ಷೆ ಮಾಡಿಸಿದ್ದ. ಒಟ್ಟು ಕೊಲೆಸ್ಟ್ರಾಲ್ 194, ಎಲ್‌ಡಿಎಲ್ 104, ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ 290. ಎಲ್‌ಡಿಎಲ್ ಅಂದರೆ ಜನ ಕೆಟ್ಟ ಕೊಲೆಸ್ಟ್ರಾಲ್ ಅನ್ನುವುದು, ಎಚ್‌ಡಿಎಲ್ ಅಂದರೆ ಒಳ್ಳೆಯದು, ಟ್ರೈಗ್ಲಿಸರೈಡ್ ಅಂದರೆ ರಕ್ತದಲ್ಲಿ ಸುತ್ತುವ ಕೊಬ್ಬು.

"ಎಲ್ಲ ಸರಿ ಉಂಟಲ್ಲ ಡಾಕ್ಟ್ರೇ?" ಅಂತ ಕೇಳಿದ. ನಾನು ಎಲ್‌ಡಿಎಲ್ ನೋಡಿ, ಎಣ್ಣೆ ತಿಂಡಿ ಸ್ವಲ್ಪ ಕಡಿಮೆ ಮಾಡು ಅಂದು ಕಳಿಸಿದೆ. ನಾಲ್ಕು ವರ್ಷ ಕಳೆದು ರಜೆಯಲ್ಲಿ ಬಂದಾಗ ಅವನಿಗೆ ಸಕ್ಕರೆ ಕಾಯಿಲೆ. ಹಳೆಯ ರಿಪೋರ್ಟನ್ನು ಅವನ ತಾಯಿ ಜೋಪಾನವಾಗಿ ಇಟ್ಟಿದ್ದರು. ಮತ್ತೆ ಓದಿದೆ. ಸೂಚನೆ ಅದರಲ್ಲೇ ಇತ್ತು: ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ. ನಾನು ನೋಡಿದ್ದು ಒಂದೇ ಅಂಕೆ. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವನ ದೇಹದಲ್ಲಿ ಆಗುತ್ತಿದ್ದದ್ದು ಇಷ್ಟು. ಊಟ ಆದ ಮೇಲೆ ಕೊಬ್ಬಿನ ಉಗ್ರಾಣದ ಬಾಗಿಲು ಮುಚ್ಚುವುದು ಇನ್ಸುಲಿನ್ ಕೆಲಸ. ದೇಹ ಇನ್ಸುಲಿನ್ ಮಾತು ಕೇಳದೆ ಹೋದರೆ ಬಾಗಿಲು ತೆರೆದೇ ಇರುತ್ತದೆ. ಕೊಬ್ಬು ಹರಿದು ಲಿವರಿಗೆ ಹೋಗುತ್ತದೆ. ಲಿವರ್ ಅದನ್ನು ವಿಎಲ್‌ಡಿಎಲ್ ಎಂಬ ದೊಡ್ಡ ಕಣಗಳಲ್ಲಿ ತುಂಬಿಸಿ ರಕ್ತಕ್ಕೆ ಬಿಡುತ್ತದೆ. ಅದನ್ನು ಇಳಿಸಿಕೊಳ್ಳುವ ಕಿಣ್ವವೂ ನಿಧಾನ ಆಗಿರುತ್ತದೆ. ಹಾಗಾಗಿ ಈ ಕಣಗಳು ರಕ್ತದಲ್ಲಿ ಹೆಚ್ಚು ಹೊತ್ತು ಸುತ್ತುತ್ತವೆ. ಸುತ್ತುವಾಗ ತಮ್ಮ ಟ್ರೈಗ್ಲಿಸರೈಡನ್ನು ಎಲ್‌ಡಿಎಲ್‌ಗೂ ಎಚ್‌ಡಿಎಲ್‌ಗೂ ಕೊಟ್ಟು, ಅವುಗಳಿಂದ ಕೊಲೆಸ್ಟ್ರಾಲ್ ತೆಗೆದುಕೊಳ್ಳುತ್ತವೆ. ಆಮೇಲೆ ಲಿವರಿನ ಇನ್ನೊಂದು ಕಿಣ್ವ ಆ ಟ್ರೈಗ್ಲಿಸರೈಡನ್ನು ಕರಗಿಸುತ್ತದೆ. ಉಳಿಯುವುದು ಸಣ್ಣ, ಒತ್ತಾದ ಎಲ್‌ಡಿಎಲ್. ಎಚ್‌ಡಿಎಲ್ ಸಹ ಸಣ್ಣದಾಗಿ ಬೇಗ ರಕ್ತದಿಂದ ಹೊರಗೆ ಹೋಗುತ್ತದೆ. 32 ಆದದ್ದು ಹೀಗೆ.

ಎಲ್‌ಡಿಎಲ್ 104 ಮಾತ್ರ ಇತ್ತಲ್ಲ ಅಂತ ಕೇಳುವವರಿಗೆ ಅಡಿಕೆಯ ಲೆಕ್ಕ ಹೇಳುತ್ತೇನೆ. ಹತ್ತು ಕ್ವಿಂಟಾಲ್ ಅಡಿಕೆ ಒಂದು ಲಾರಿಯಲ್ಲಿ ಹೋಗಲಿ, ಇಪ್ಪತ್ತು ಆಟೋದಲ್ಲಿ ಹೋಗಲಿ, ತೂಕ ಅಷ್ಟೇ. ರಸ್ತೆಯಲ್ಲಿ ಗಾಡಿಗಳ ಸಂಖ್ಯೆ ಬೇರೆ. ರಿಪೋರ್ಟಿನ ಎಲ್‌ಡಿಎಲ್ ಅಂದರೆ ಕಣಗಳೊಳಗಿನ ಕೊಲೆಸ್ಟ್ರಾಲಿನ ತೂಕ. ರಕ್ತನಾಳದ ಗೋಡೆಯೊಳಗೆ ಸೇರುವುದು ಗಾಡಿಗಳು, ಅಂದರೆ ಕಣಗಳು.

ಈಗ ನಾನು ಮೊದಲು ಕಳೆಯುವ ಲೆಕ್ಕ ಮಾಡುತ್ತೇನೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಬೇಕು. ಉಳಿಯುವುದು ಎಲ್‌ಡಿಎಲ್, ವಿಎಲ್‌ಡಿಎಲ್ ಎಲ್ಲ ಸೇರಿದ ಕೊಲೆಸ್ಟ್ರಾಲ್. ಆ ಹುಡುಗನದು 194ರಲ್ಲಿ 32 ಹೋದರೆ 162. 130ರ ಒಳಗೆ ಇದ್ದರೆ ಒಳ್ಳೆಯದು. ಇದಕ್ಕೆ ಬೇರೆ ದುಡ್ಡು ಬೇಡ, ಮಂಗಳೂರಿಗೆ ಹೋಗುವುದೂ ಬೇಡ. ಅನುಮಾನ ಉಳಿದರೆ ಮಾತ್ರ ಅಪೊ-ಬಿ ಎಂಬ ಪ್ರೋಟೀನಿನ ಟೆಸ್ಟ್ ಬರೆಯುತ್ತೇನೆ. ಪ್ರತಿ ಎಲ್‌ಡಿಎಲ್, ವಿಎಲ್‌ಡಿಎಲ್ ಕಣದಲ್ಲಿ ಒಂದೇ ಅಪೊ-ಬಿ ಇರುವುದರಿಂದ ಅದು ಗಾಡಿ ಎಣಿಸಿದ ಹಾಗೆ.

ಆಮೇಲೆ ಟೇಪ್ ತೆಗೆಯುತ್ತೇನೆ. ನಮ್ಮ ಕಡೆಯ ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಕತ್ತಿನ ಹಿಂದೆ ಕಪ್ಪಾಗಿ, ದಪ್ಪ ಆಗಿದೆಯಾ ನೋಡುತ್ತೇನೆ. ಎಷ್ಟೋ ಮಕ್ಕಳು ಅದನ್ನು ಕೊಳೆ ಅಂತ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡಿರುತ್ತಾರೆ. ಹುಡುಗಿಯರಾದರೆ ಮುಟ್ಟು ಸರಿಯಾಗಿ ಆಗುತ್ತದಾ ಕೇಳುತ್ತೇನೆ. ಇವೆಲ್ಲ ದೇಹ ಇನ್ಸುಲಿನ್ ಮಾತು ಕೇಳುತ್ತಿಲ್ಲ ಎನ್ನುವುದರ ಗುರುತು ಆಗಿರಬಹುದು. ಟ್ರೈಗ್ಲಿಸರೈಡ್ ಏರಲು ಬೇರೆ ಕಾರಣವೂ ಇರಬಹುದು, ಹಾಗಾಗಿ ಕುಡಿತದ ಬಗ್ಗೆ ಕೇಳಬೇಕು, ಥೈರಾಯ್ಡ್ ನೋಡಬೇಕು.

ಊಟದ ಮಾತಿಗೆ ಜಾಸ್ತಿ ಹೊತ್ತು ಬೇಕು. ನಮ್ಮಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆಯನ್ನೇ ಬೈಯುತ್ತಾರೆ. ಅದು ಎಲ್‌ಡಿಎಲ್ ಏರಿಸುತ್ತದೆ, ನಿಜ, ಹಿತಮಿತವಾಗಿರಲಿ. ಆದರೆ ಈ ಹುಡುಗರಲ್ಲಿ ಟ್ರೈಗ್ಲಿಸರೈಡ್ ಏರಿಸುವುದು ಹೆಚ್ಚಾಗಿ ಸಕ್ಕರೆ ಚಹಾ, ಬೇಕರಿ ತಿಂಡಿ, ಸಂಜೆಯ ಶಾರ್ಜಾ ಶೇಕ್, ರಾತ್ರಿಯ ಪರೋಟ. ಗಂಜಿ ಬಿಡಬೇಡ, ಎರಡನೇ ಸಲ ಬಡಿಸಿಕೊಳ್ಳಬೇಡ ಅನ್ನುತ್ತೇನೆ. ಬೂತಾಯಿ ಮೀನು ತಿನ್ನುವವರು ಹುರಿಯದೆ ಸಾರು ಮಾಡಲಿ. ಊಟ ಆದ ಮೇಲೆ ನಡೆಯಲಿ. ಇದನ್ನೆಲ್ಲ ರಿಪೋರ್ಟಿನ ಹಿಂದೆ ಕನ್ನಡದಲ್ಲೇ ಬರೆದುಕೊಡುತ್ತೇನೆ. ಕೈಗೆ ಸಿಗುವ ಕರಪತ್ರ ಮಲಯಾಳಂನಲ್ಲಿ, ರಿಪೋರ್ಟ್ ಇಂಗ್ಲಿಷಿನಲ್ಲಿ. ಅಡುಗೆ ಮಾಡುವ ಅಮ್ಮನಿಗೆ ಅದು ಓದಲು ಬರಬೇಕಲ್ವಾ?

ಕಳೆದ ವರ್ಷ ಮೊಬೈಲ್ ಅಂಗಡಿಯ 26ರ ಹುಡುಗನೊಬ್ಬ ಹೀಗೇ ನಾಲ್ಕು ತಿಂಗಳು ಮಾಡಿದ. ತೂಕ 82ರಿಂದ 76 ಕಿಲೋ. ಟ್ರೈಗ್ಲಿಸರೈಡ್ 265ರಿಂದ 170. ಆದರೆ ಬರುವಾಗ ಅವನ ಮುಖ ಬಾಡಿತ್ತು.

"ಎಲ್‌ಡಿಎಲ್ 102 ಇದ್ದದ್ದು 108 ಆಯ್ತಲ್ಲ ಡಾಕ್ಟ್ರೇ. ಇಷ್ಟು ಕಷ್ಟಪಟ್ಟದ್ದು ಸುಮ್ನೆ ಆಯ್ತಾ?"

ಟ್ರೈಗ್ಲಿಸರೈಡ್ ಇಳಿದಾಗ ಕೆಲವರಿಗೆ ಹೀಗಾಗುತ್ತದೆ. ಸಣ್ಣಗಾಗಿದ್ದ ಎಲ್‌ಡಿಎಲ್ ಕಣಗಳು ಮತ್ತೆ ಕೊಲೆಸ್ಟ್ರಾಲ್ ತುಂಬಿಕೊಂಡು ಸರಿಯಾದ ಗಾತ್ರಕ್ಕೆ ಬರುತ್ತವೆ. ಎರಡೂ ರಿಪೋರ್ಟ್ ಅವನ ಮುಂದಿಟ್ಟು ಪೆನ್ ಕೊಟ್ಟೆ. ಹಳೆಯದರಲ್ಲಿ 188ರಿಂದ 33 ಕಳೆದ, 155. ಹೊಸದರಲ್ಲಿ 179ರಿಂದ 37 ಕಳೆದ, 142. ಇನ್ನೊಮ್ಮೆ ಕಳೆದು ನೋಡಿದ. ಆಮೇಲೆ 130 ಅಂತ ಕೆಳಗೆ ಬರೆದು, ಸುತ್ತಲೂ ಗೆರೆ ಎಳೆದು, ಕಾಗದ ಮಡಚಿ ಜೇಬಿಗೆ ಹಾಕಿಕೊಂಡ.